ಪಾತ್ರದ ಭಾವನೆ ಬರೆಯಲು ಯಾವುದು ಹತ್ತಿರ ಇರಲಿ?

'ದಿ ಎಮೋಷನ್ ಥೆಸಾರಸ್' ಬರಹಗಾರರಿಗಾಗಿ ಮಾಡಿದ ಇಂಗ್ಲಿಷ್ ಪುಸ್ತಕ, ದುಡ್ಡು ಕೊಟ್ಟು ಕೊಳ್ಳಬೇಕು. 2019ರ ಎರಡನೇ ಆವೃತ್ತಿಯಲ್ಲಿ 130 ಭಾವನೆಗಳಿವೆ. ಒಂದೊಂದಕ್ಕೂ ಮೈಯ ಚಲನೆ, ಒಳಗಿನ ಅನುಭವ, ಮನಸ್ಸಿನ ಯೋಚನೆ ಕೊಟ್ಟಿದ್ದಾರೆ. ಅರ್ಧಕ್ಕೆ ನಿಂತ ದೃಶ್ಯಕ್ಕೆ ಬೇಗ ಒದಗುತ್ತದೆ. ಆದರೆ ಹಾಗೇ ಎತ್ತಿಕೊಳ್ಳಬೇಡಿ. ನಮ್ಮೂರ ಅಜ್ಜಿ ಮಾತುಮಾತಿಗೆ ಭುಜ ಕುಣಿಸುವುದಿಲ್ಲ, ಅಲ್ವಾ?

ಭರತನ ನಾಟ್ಯಶಾಸ್ತ್ರದ ಪಟ್ಟಿಯಲ್ಲಿ 8 ಸ್ಥಾಯಿ (ನೆಲೆನಿಲ್ಲುವ), 33 ಸಂಚಾರಿ (ಬಂದುಹೋಗುವ), 8 ಸಾತ್ತ್ವಿಕ (ಕಣ್ಣೀರು, ಬೆವರಿನಂತೆ ಮೈಯಲ್ಲಿ ತಾನೇ ಕಾಣುವ) ಭಾವಗಳಿವೆ. ಸಿಟ್ಟಿನ ನಡುವೆ ಅಸೂಯೆ ಸುಳಿದುಹೋಗುವಂಥ ಬೆರಕೆ ಭಾವಕ್ಕೆ ಇದು ಚೆನ್ನ. ರಂಗಕ್ಕೆಂದೇ ಮಾಡಿದ್ದು, ಹಾಗಾಗಿ ಕಲಿಯಲು ಸಮಯ ಜಾಸ್ತಿ ಬೇಕು.

ಸುತ್ತಲಿನವರನ್ನು ನೋಡಿ ಬರೆದಿಡುವ ಸ್ವಂತ ನೋಟ್‌ಬುಕ್ ತುಂಬಲು ವರ್ಷಗಳೇ ಹಿಡಿಯುತ್ತವೆ. ಆದರೆ ಮಗನ ಫೋನ್ ಬಾರದಾಗ ತಾಯಿ ಒರೆಸಿದ ಒಲೆಕಟ್ಟೆಯನ್ನೇ ಮತ್ತೆ ಒರೆಸುವುದು ಅಲ್ಲೇ ಸಿಗುತ್ತದೆ. ಕಾದಂಬರಿಗೆ ಕೈಹಾಕಿದ್ದರೆ ಇಂದೇ ಶುರುಮಾಡಿ.