ಎರಡು ಬೆರಳಿನ ಝೂಮ್ ಇರುವ ರೆಸಿಸ್ಟಿವ್ ಟಚ್‌ಸ್ಕ್ರೀನ್: ಮೂರು ವರ್ಷ ಬಳಸಿದ ಮೇಲೆ

ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ಪಕ್ಕದಲ್ಲಿ ಡ್ರಾಯಿಂಗ್ ನೋಡಲು 7 ಇಂಚಿನ, 4 ವೈರ್‌ನ ರೆಸಿಸ್ಟಿವ್ ಟಚ್‌ಸ್ಕ್ರೀನ್ ಹಾಕಿಕೊಂಡು ಮೂರು ವರ್ಷ ದಾಟಿತು. ಕೈಗೆ ದಪ್ಪ ಗ್ಲೌಸ್, ಅದರ ತುಂಬ ಎಣ್ಣೆ, ಪರದೆಯ ಮೇಲೆ ಆಗಾಗ ಕೂಲೆಂಟ್ (ಮೆಷಿನ್ ತಂಪಿಡುವ ದ್ರವ) ಹನಿ. ಹಿಂದೆ ಇದ್ದ ಕೆಪ್ಯಾಸಿಟಿವ್ ಪರದೆ (ಫೋನ್‌ಗಳಲ್ಲಿರುವಂಥದ್ದು) ಹನಿ ಬಿದ್ದರೆ ಬೆರಳೆಂದುಕೊಳ್ಳುತ್ತಿತ್ತು, ಗ್ಲೌಸ್ ಹಾಕಿದ ನಿಜವಾದ ಬೆರಳನ್ನು ಮಾತ್ರ ಗುರುತಿಸುತ್ತಿರಲಿಲ್ಲ. ರೆಸಿಸ್ಟಿವ್ ಪರದೆಗೆ ಒತ್ತಿದರೆ ಸಾಕು, ಅದರೊಳಗಿನ ವಿದ್ಯುತ್ ಹರಿಯುವ ಎರಡು ಪದರ ಒತ್ತಿದಲ್ಲಿ ಒಂದಕ್ಕೊಂದು ತಾಗುತ್ತವೆ. ಆದರೆ ಎರಡು ಬೆರಳಲ್ಲಿ ಝೂಮ್ ಮಾಡುವ ಅಭ್ಯಾಸ ಬಿಡಲು ನನಗೆ ಮನಸ್ಸಿರಲಿಲ್ಲ. ಆ ಸೌಲಭ್ಯವಿರುವ ಕಂಟ್ರೋಲರ್ ಬೋರ್ಡನ್ನೇ (ಪರದೆಯ ಸ್ಪರ್ಶ ಓದುವ ಸರ್ಕ್ಯೂಟ್) ಹುಡುಕಿ ತಂದೆ.

ಎಕ್ಸ್‌ಪಿಟಿ2046, ಎಡಿಎಸ್7846ರಂಥ ಸಾಮಾನ್ಯ ಕಂಟ್ರೋಲರ್ ಚಿಪ್‌ಗಳು ಎರಡು ಬೆರಳಿಟ್ಟರೆ ಅವುಗಳ ನಡುವೆ ಎಲ್ಲೋ ಒಂದು ಬಿಂದು ತೋರಿಸುತ್ತವೆ. ನಿಂಟೆಂಡೋ ಡಿಎಸ್ ಎಂಬ ಕೈಯಲ್ಲಿ ಹಿಡಿಯುವ ಗೇಮ್ ಯಂತ್ರದಲ್ಲಿ ಆಡಿದವರು ಇದನ್ನು ಕಂಡಿರುತ್ತಾರೆ. ನನ್ನ ಬೋರ್ಡ್‌ಗೂ ಎರಡು ಬೆರಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅದು ಅಳೆಯುವುದು ಇನ್ನೊಂದು ಸಂಗತಿಯನ್ನು, ಇದು ಅರ್ಥವಾದ ಮೇಲೆಯೇ ಪರದೆ ನನ್ನ ಕೈಗೆ ಪಳಗಿದ್ದು.

ಒಂದು ಪದರದ ಎರಡು ತುದಿಗೆ ವೋಲ್ಟೇಜ್ ಕೊಟ್ಟಾಗ ಕರೆಂಟ್ ಆ ಪದರದಲ್ಲೇ ಹರಿಯುತ್ತದೆ. ಎರಡು ಕಡೆ ಒತ್ತಿದರೆ ಇನ್ನೊಂದು ಪದರವೂ ಅಲ್ಲಿಗೆ ತಾಗಿ, ಕರೆಂಟಿಗೆ ಅಕ್ಕಪಕ್ಕದ ಇನ್ನೊಂದು ದಾರಿ ಸಿಗುತ್ತದೆ. ಒಟ್ಟು ರೋಧ (ಕರೆಂಟಿಗೆ ಬರುವ ಅಡ್ಡಿ) ಇಳಿಯುತ್ತದೆ. ಬೆರಳು ದೂರವಾದಷ್ಟೂ ಇಳಿಕೆ ಹೆಚ್ಚು. ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಅಳೆದರೆ ಎರಡು ದಿಕ್ಕಿನ ಅಂತರ ಸಿಕ್ಕಿತು. ಬೆರಳುಗಳು ಯಾವ ಕರ್ಣದಲ್ಲಿವೆ ಎಂಬುದು ಇಷ್ಟರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಎದುರು ಪದರದ ಎರಡೂ ತುದಿಗಳ ವೋಲ್ಟೇಜ್ ಓದಬೇಕು. ಪ್ರತಿ ತುದಿಯೂ ತನಗೆ ಹತ್ತಿರದ ಬೆರಳಿನ ಕಡೆಗೆ ವಾಲುವುದರಿಂದ, ವ್ಯತ್ಯಾಸ ಧನವೋ ಋಣವೋ ನೋಡಿದರೆ ಕರ್ಣ ತಿಳಿಯುತ್ತದೆ. ನಾಲ್ಕೇ ತಂತಿಯಲ್ಲಿ ಇಷ್ಟು ಹೊರಡಿಸುವುದು ನನಗೆ ಈಗಲೂ ಅಚ್ಚರಿ.

ತೊಂದರೆಯೂ ಇಲ್ಲಿಂದಲೇ. ಎರಡನೇ ಬೆರಳನ್ನು ಹಗುರವಾಗಿ ಇಟ್ಟರೆ ಪದರಗಳು ತಾಗುವಲ್ಲಿನ ರೋಧ ಹೆಚ್ಚಾಗಿ, ಒಟ್ಟು ರೋಧ ಕಡಿಮೆ ಇಳಿಯುತ್ತದೆ. ಬೆರಳುಗಳು ಹತ್ತಿರ ಬಂದವೆಂದುಕೊಂಡು ಬೋರ್ಡ್ ಚಿತ್ರ ಚಿಕ್ಕದು ಮಾಡುತ್ತದೆ. ಮೊದಲ ವಾರ ದೊಡ್ಡದು ಮಾಡಲು ಹೋದರೆ ಡ್ರಾಯಿಂಗ್ ಕುಗ್ಗುತ್ತಿತ್ತು. ಎರಡೂ ಬೆರಳನ್ನು ಒಂದೇ ಸಮ ಗಟ್ಟಿಯಾಗಿ ಒತ್ತುವುದು ರೂಢಿಯಾದ ಮೇಲೆ ಸರಿಹೋಯಿತು. ಬೆರಳ ತುದಿಗಿಂತ ಉಗುರಿನ ಅಂಚು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗೀರು ಬೀಳುತ್ತದೆ, ಬೇಡ.

ಮೊದಲ ವರ್ಷ ನಿಜವಾಗಿ ಕಾಡಿದ್ದು ಬಿಸಿ. ಬೆಳಗ್ಗೆ ನೆಟ್ಟಗಿದ್ದ ಪರದೆ, ಮೆಷಿನ್ ಕಾದ ಮೇಲೆ ಒಂದೇ ಬೆರಳಿಟ್ಟರೂ ಝೂಮ್ ಆಗುತ್ತಿತ್ತು. ಪದರದ ರೋಧವೇ ಬಿಸಿಗೆ ಬದಲಾಗುತ್ತದೆ. ಬೋರ್ಡ್ ಮಾತ್ರ ಆನ್ ಮಾಡಿದಾಗಿನ ರೋಧದ ಅಂಕಿಯನ್ನೇ ಹಿಡಿದು ಕೂತಿತ್ತು. ಯಾರೂ ಮುಟ್ಟದಿರುವಾಗ ಆ ಅಂಕಿಯನ್ನು ಮತ್ತೆ ಮತ್ತೆ ಅಳೆದುಕೊಳ್ಳುವ ಹೊಸ ಫರ್ಮ್‌ವೇರ್ (ಬೋರ್ಡ್‌ನೊಳಗಿನ ಸಾಫ್ಟ್‌ವೇರ್) ಹಾಕಿದ ಮೇಲೆ ಈ ಕಾಟ ತಪ್ಪಿತು. ಇನ್ನೊಂದು ಕಾಟ, ಒಂದು ಬೆರಳು ಎತ್ತಿದ ಕ್ಷಣ ಬಿಂದು ನಡುವಿನಿಂದ ಉಳಿದ ಬೆರಳಿಗೆ ಜಿಗಿದು ಚಿತ್ರವನ್ನೂ ಎಳೆದುಕೊಂಡು ಹೋಗುತ್ತಿತ್ತು. ಬೆರಳ ಸಂಖ್ಯೆ ಬದಲಾದಾಗ ಕೆಲವು ಓದುಗಳನ್ನು ಬಿಟ್ಟುಬಿಡುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ. ಯಾಕೆ ಮೊದಲೇ ಆನ್ ಇಟ್ಟು ಕೊಡುವುದಿಲ್ಲವೋ!

ಬೆರಳುಗಳು ತೀರ ಹತ್ತಿರವಿದ್ದರೆ ಬೋರ್ಡ್ ಒಂದೇ ಎಂದುಕೊಳ್ಳುತ್ತದೆ. ಅಂಗೈ ಊರಿದರೆ ಎರಡು ಎನ್ನುತ್ತದೆ.

ಒಟ್ಟಿಗೆ ಎರಡು ಬಟನ್ ಒತ್ತಬೇಕೆನ್ನುವವರು ಇದನ್ನು ತೆಗೆದುಕೊಳ್ಳಲೇಬೇಡಿ. ಅದಕ್ಕೆ ಪದರಗಳನ್ನು ಅಡ್ಡ ಉದ್ದ ಪಟ್ಟಿಗಳಾಗಿ ಸೀಳಿದ ಮ್ಯಾಟ್ರಿಕ್ಸ್ ರೆಸಿಸ್ಟಿವ್ ಬೇಕು. ಅದಕ್ಕೆ ತಂತಿಗಳೂ ಹೆಚ್ಚು, ಓದುವ ಸರ್ಕ್ಯೂಟೂ ದೊಡ್ಡದು. ಝೂಮ್, ತಿರುಗಿಸುವುದು ಇಷ್ಟೇ ಸಾಕೆಂದರೆ ಧೈರ್ಯವಾಗಿ ಕೊಳ್ಳಿ.

ಈಗ ‘ಮುಂದಿನ ಪುಟ’ ಬಟನ್ ಇರುವ ಬಲಮೂಲೆಯಲ್ಲಿ ಮೇಲಿನ ಫಿಲ್ಮ್ ಸವೆದಿದೆ. ಎಷ್ಟು ಕ್ಯಾಲಿಬ್ರೇಶನ್ ಮಾಡಿದರೂ ಅಲ್ಲಿ ಬಿಂದು ಓರೆಯಾಗುತ್ತದೆ, ಝೂಮ್ ನಡುಗುತ್ತದೆ. ಸದ್ಯಕ್ಕೆ ಆ ಬಟನ್ ಅನ್ನು ಎಡಕ್ಕೆ ಸರಿಸಿದ್ದೇನೆ. ಪ್ಯಾನೆಲ್ ಮಾತ್ರ ಬದಲಿಸುತ್ತೇನೆ, ಬೋರ್ಡ್ ಇದೇ ಇರಲಿ.