ರಾಕಿ ಹಾರರ್‌ಗಿಂತ ನನಗೆ ಫ್ಯಾಂಟಮ್ ಯಾಕೆ ಇಷ್ಟ

ಹೋದ ವಾರ ಒಂದರ ಹಿಂದೆ ಒಂದರಂತೆ ಎರಡು ರಾತ್ರಿ ರಾಕ್ ಹಾಡುಗಳ ಎರಡು ಸಿನಿಮಾ ನೋಡಿದೆ: ‘ಫ್ಯಾಂಟಮ್ ಆಫ್ ದ ಪ್ಯಾರಡೈಸ್’ (1974) ಮತ್ತು ‘ದ ರಾಕಿ ಹಾರರ್ ಪಿಕ್ಚರ್ ಶೋ’ (1975). ಆಮೇಲೆ ಎರಡರ ಹಾಡುಗಳನ್ನೂ ಚಿತ್ರ ನೋಡದೆ, ಹೆಡ್‌ಫೋನ್ ಹಾಕಿಕೊಂಡು ಬರೀ ಕೇಳಿದೆ. ಅಮೆರಿಕದಲ್ಲಿ ಮೊದಲ ಬಿಡುಗಡೆಗೆ ಎರಡೂ ಮಕಾಡೆ ಮಲಗಿದ್ದವು. ಇವತ್ತು ಎರಡಕ್ಕೂ ಪ್ರಾಣ ಬಿಡುವ ಅಭಿಮಾನಿಗಳಿದ್ದಾರೆ.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ರಾಕಿ ಹಾರರ್‌ನಲ್ಲಿ ಹುಚ್ಚು ವಿಜ್ಞಾನಿ ಫ್ರ್ಯಾಂಕ್ ಆಗಿ ಟಿಮ್ ಕರಿ ಬರುವ ಹಾಗೆ ತೆರೆಯ ಮೇಲೆ ಬರುವವರು ಫ್ಯಾಂಟಮ್‌ನಲ್ಲಿ ಯಾರೂ ಇಲ್ಲ. ಲಿಫ್ಟ್ ಕೆಳಗಿಳಿಯುತ್ತದೆ. ಸರಳುಗಳ ಹಿಂದೆ ಹೈಹೀಲ್ಸ್ ತಾಳ ಹಾಕುತ್ತಿದೆ. ಆಸಾಮಿ ಎಂಥವನೆಂದು ಮುಖ ಕಾಣುವ ಮೊದಲೇ ಗೊತ್ತಾಗಿಬಿಡುತ್ತದೆ. 1973ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ನಾಟಕವಾಗಿ ಶುರುವಾದಾಗಿನಿಂದ ಆ ಪಾತ್ರ ಅವರದೇ. ನಾಟಕ ಬರೆದ ರಿಚರ್ಡ್ ಒಬ್ರಿಯನ್ ತಾವೇ ಆಳು ರಿಫ್ ರಾಫ್ ಆಗಿದ್ದಾರೆ. ರಂಗದ ಮೇಲೆ ಪಳಗಿದ ಹಾಡುಗಳೆಂಬುದು ಕಣ್ಣು ಮುಚ್ಚಿ ಕೇಳಿದರೂ ತಿಳಿಯುತ್ತದೆ. ರಾಕ್ ಗಾಯಕ ಮೀಟ್ ಲೋಫ್ ಫ್ರೀಜರಿನಿಂದ ಬೈಕಿನಲ್ಲಿ ನುಗ್ಗಿ ಬಂದು ಒಂದೇ ಹಾಡಿನಲ್ಲಿ ಮನೆ ಅಲ್ಲಾಡಿಸಿ ಹೋಗುತ್ತಾರೆ.

ಆದರೆ ಸಂಗೀತ? ರಾಕಿ ಹಾರರ್‌ಗೆ ಐವತ್ತರ ದಶಕದ ರಾಕ್ ಅಂಡ್ ರೋಲ್ ಅಂದರೆ ಪ್ರೀತಿ, ಅದಕ್ಕೆ ಗ್ಲ್ಯಾಮ್ ಬಣ್ಣ, ಅಂದರೆ ಎಪ್ಪತ್ತರ ದಶಕದ ಥಳುಕು ವೇಷದ ರಾಕ್‌ನ ಬಣ್ಣ ಹಚ್ಚಿದೆ. ಅರ್ಧ ದಾಟಿದ ಮೇಲೆ ನನಗೆ ಅದೇ ರುಚಿ ಸಾಕೆನಿಸಿತು. ಫ್ಯಾಂಟಮ್‌ನಲ್ಲಿ ಅದೇ ಮೂವರು ಹಾಡುಗಾರರು ಮೊದಲು ಐವತ್ತರ ದಶಕದವರಾಗಿ ಬರುತ್ತಾರೆ, ಆಮೇಲೆ ಕಡಲತೀರದ ಸರ್ಫ್ ಹುಡುಗರಾಗುತ್ತಾರೆ, ಕೊನೆಗೆ ಮುಖಕ್ಕೆ ಕಪ್ಪು ಬಿಳುಪು ಬಳಿದುಕೊಂಡ ಭೂತಗಳಾಗುತ್ತಾರೆ. ಮಾರುಕಟ್ಟೆ ಕೇಳಿದಂತೆಲ್ಲ ವೇಷ ಬದಲು. ಸಂಗೀತದ ವ್ಯಾಪಾರ ಹೇಗೆ ನಡೆಯುತ್ತದೆಂದು ಹಾಡುಗಳೇ ಹೇಳುತ್ತವೆ.

ಅವನ್ನು ಬರೆದವರು ಪಾಲ್ ವಿಲಿಯಮ್ಸ್. ನಿರ್ದೇಶಕ ಬ್ರಯಾನ್ ಡಿ ಪಾಲ್ಮಾ ಅವರಿಗೆ ಕೊಟ್ಟದ್ದು ಇನ್ನೊಬ್ಬನ ಹಾಡು ಕದಿಯುವ ರೆಕಾರ್ಡ್ ವ್ಯಾಪಾರಿ ಸ್ವಾನ್‌ನ ಪಾತ್ರ! ಹಾಡು ಕಳೆದುಕೊಳ್ಳುವ ಸಂಗೀತಗಾರ ವಿನ್ಸ್ಲೋ ಆಗಿ ವಿಲಿಯಂ ಫಿನ್ಲಿ. ರೆಕಾರ್ಡ್ ಅಚ್ಚೊತ್ತುವ ಯಂತ್ರಕ್ಕೆ ಸಿಕ್ಕಿ ಅವನ ಮುಖವೂ ಹೋಗುತ್ತದೆ, ಗಂಟಲೂ ಹೋಗುತ್ತದೆ. ಆಮೇಲೆ ಸಿಂಥಸೈಜರ್ ತುಂಬಿದ ಕೋಣೆಯಲ್ಲಿ ಅವನು ಗೊರಗೊರ ಎನ್ನುತ್ತಾನೆ, ಸ್ವಾನ್ ಒಂದೊಂದೇ ಗುಂಡಿ ತಿರುಗಿಸುತ್ತಾನೆ, ದನಿ ನಿಧಾನಕ್ಕೆ ತಿಳಿಯಾಗುತ್ತದೆ. ತಿಳಿಯಾದ ಆ ದನಿ ವಿಲಿಯಮ್ಸ್ ಅವರದ್ದು. ಹೆಡ್‌ಫೋನಿನಲ್ಲಿ ಆ ಜಾಗಕ್ಕೆ ಬಂದಾಗ ಮೈ ಜುಮ್ಮೆಂದಿತು. ದೋಚಿದವನು ಕೊನೆಗೆ ತನ್ನ ಕೊರಳನ್ನೇ ಅವನಿಗೆ ತೊಡಿಸಿದ್ದ.

ಪಿ.ಬಿ. ಶ್ರೀನಿವಾಸ್ ಅವರ ಕೊರಳಲ್ಲಿ ರಾಜ್‌ಕುಮಾರ್ ಅವರನ್ನು ಕೇಳಿದ ನಮಗೆ ಒಬ್ಬರ ಮುಖಕ್ಕೆ ಇನ್ನೊಬ್ಬರ ದನಿ ಹೊಸದೇನಲ್ಲ. ರಾಕಿ ಹಾರರ್‌ನಲ್ಲೂ ಇದೆ: ವಿಜ್ಞಾನಿ ಸೃಷ್ಟಿಸುವ ರಾಕಿಯ ಪಾತ್ರ ಮಾಡಿದ ಪೀಟರ್ ಹಿನ್‌ವುಡ್‌ಗೆ ಹಾಡಿದ್ದು ಟ್ರೆವರ್ ವೈಟ್. ಅಲ್ಲಿ ಅದು ಕೊರತೆ ಮುಚ್ಚುವ ಉಪಾಯ ಅಷ್ಟೇ. ಇಲ್ಲಿ ಕಥೆಯ ಜೀವವೇ ಅದು.

ನಾಯಕಿಯರ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಸೂಸನ್ ಸರಂಡನ್ ಮುಗ್ಧ ಹುಡುಗಿಯಾಗಿ ಚೆನ್ನಾಗಿ ಒಪ್ಪುತ್ತಾರೆ, ಹಾಡು ಮಾತ್ರ ತೆಳು. ಫ್ಯಾಂಟಮ್‌ನ ಜೆಸಿಕಾ ಹಾರ್ಪರ್ ತಗ್ಗಿದ ತುಂಬು ದನಿಯಲ್ಲಿ ‘ಓಲ್ಡ್ ಸೋಲ್ಸ್’ ಹಾಡುವಾಗ ಅಷ್ಟು ಗದ್ದಲದ ಚಿತ್ರವೂ ಉಸಿರು ಬಿಗಿಹಿಡಿದು ನಿಲ್ಲುತ್ತದೆ. 1981ರಲ್ಲಿ ರಾಕಿ ಹಾರರ್ ತಂಡ ‘ಶಾಕ್ ಟ್ರೀಟ್‌ಮೆಂಟ್’ ಎಂಬ ಇನ್ನೊಂದು ಸಿನಿಮಾ ಮಾಡಿದಾಗ ಸರಂಡನ್ ಮಾಡಿದ್ದ ಜಾನೆಟ್ ಪಾತ್ರ ಹಾರ್ಪರ್ ಅವರಿಗೇ ಹೋಯಿತು. ಅದನ್ನು ನಾನಿನ್ನೂ ನೋಡಿಲ್ಲ. ಈ ಶನಿವಾರ ನೋಡುತ್ತೇನೆ, ಆ ದನಿಗಾಗಿ.