ಗೆಸ್ಟ್ ಗಡಿಯಾರಕ್ಕೆ ಎನ್‌ಟಿಪಿಯೋ, ಹೋಸ್ಟೋ?

ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಶನ್ ವ್ಯವಸ್ಥೆ) ಮೇಲೆ ಲಿನಕ್ಸ್ ಗೆಸ್ಟ್, ಅಂದರೆ ವರ್ಚುವಲ್ ಯಂತ್ರ, ಓಡಿಸುವವರು ಹೇಗೂ ಗಡಿಯಾರ ಸರಿಪಡಿಸುವ ಕ್ರೋನಿ ತಂತ್ರಾಂಶ ಹಾಕುತ್ತಾರೆ. ಪ್ರಶ್ನೆ ಇರುವುದು ಅದಕ್ಕೆ ಸಮಯ ಎಲ್ಲಿಂದ ಕೊಡುವುದು ಎಂಬುದರಲ್ಲಿ: ನೆಟ್‌ವರ್ಕ್ ಮೂಲಕ ಸಮಯ ಕೊಡುವ ಎನ್‌ಟಿಪಿ ಸರ್ವರ್‌ನಿಂದಲೋ, ಪಿಟಿಪಿ-ಕೆವಿಎಂ ಡ್ರೈವರ್ ಮೂಲಕ ನೇರ ಹೋಸ್ಟ್‌ನಿಂದಲೋ, ಅಂದರೆ ಗೆಸ್ಟ್ ಓಡುತ್ತಿರುವ ಯಂತ್ರದಿಂದಲೋ?

ಹೋಸ್ಟ್‌ನಿಂದ ಓದಿದರೆ ನೆಟ್‌ವರ್ಕ್ ವಿಳಂಬದ ಗೋಜಿಲ್ಲ, ನಿಖರತೆಯೂ ಹೆಚ್ಚು. ಆದರೆ ಹೋಸ್ಟ್ ಗಡಿಯಾರ ತಪ್ಪಿದರೆ ಅದರ ಮೇಲಿನ ಗೆಸ್ಟ್‌ಗಳೆಲ್ಲ ಒಟ್ಟಿಗೇ ತಪ್ಪುತ್ತವೆ. ಹೋಸ್ಟ್ ನಿಮ್ಮ ಹಿಡಿತದಲ್ಲಿಲ್ಲವೇ? ಎನ್‌ಟಿಪಿಯೇ ಇರಲಿ. ಲಾಗ್ ತಾಳೆ ನೋಡಲು ಅದರ ಮಿಲಿಸೆಕೆಂಡ್ ಲೆಕ್ಕ ಧಾರಾಳ ಸಾಕು.

ಯಾವುದನ್ನೇ ಆರಿಸಿ, ಸಸ್ಪೆಂಡ್ ಆಗಿ ಎದ್ದ ಗೆಸ್ಟ್ ಗಂಟೆಗಟ್ಟಲೆ ಹಿಂದೆ ಬಿದ್ದಿರಬಹುದು. ಕ್ರೋನಿಯ ಕಾನ್ಫಿಗ್ ಫೈಲ್‌ನಲ್ಲಿ ಸಾಮಾನ್ಯವಾಗಿ ಕಾಣುವ ‘ಮೇಕ್‌ಸ್ಟೆಪ್ 1.0 3’ ಸಾಲು ಮೊದಲ 3 ಅಪ್‌ಡೇಟ್‌ಗಳಲ್ಲಿ ಮಾತ್ರ ಗಡಿಯಾರವನ್ನು ಜಿಗಿಯಲು ಬಿಡುತ್ತದೆ. ಆಮೇಲೆ ಆಮೆ ನಡಿಗೆಯೇ. 3ರ ಬದಲು -1 ಹಾಕಿದರೆ ಯಾವಾಗ ಬೇಕಾದರೂ ಜಿಗಿಯುತ್ತದೆ. ಡೇಟಾಬೇಸ್ ಇರುವ ಗೆಸ್ಟ್‌ನಲ್ಲಿ ಮಾತ್ರ ನಾನು ಇದಕ್ಕೆ ಕೈ ಹಾಕುವುದಿಲ್ಲ, ಸಸ್ಪೆಂಡ್ ಮಾಡುವುದನ್ನೇ ಬಿಡುತ್ತೇನೆ.